ಹಗೇವಿನ ಮೇಲೆ ಹಿಡಿ ಮಣ್ಣು

ಆಳಂದ
೩೦ ಏಪ್ರಿಲ್ ೧೯೪೪

ಅಣ್ಣಾ,

ಒಂದು ಮಾತು ಬರೆಯದೆ ಬಿಡಬೇಕೆಂದೇ ಇದ್ದೆ. ಮೊನ್ನೆ ರೇಡಿಯೋದಲ್ಲಿ ನಿನ್ನ ಭಾಷಣ ಕೇಳುತ್ತ ನಾನು ಚಪ್ಪಾಳೆ ಹೊಡೆದೆ. ಅದಾದ ಸ್ವಲ್ಪ ಹೊತ್ತಿಗೆ ಅದೇ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ. ಚಪ್ಪಾಳೆಯ ಸುದ್ದಿಯಷ್ಟೇ ಬರೆದು ಒಂದು ಪತ್ರ ಮುಗಿಸಿದ್ದೆ. ಅದನ್ನು ಹರಿದು ಇದನ್ನು ಬರೆಯುತ್ತಿದ್ದೇನೆ.

ಮಹಾದೇವಪ್ಪ ವಕೀಲರ ಪಡಸಾಲೆಯಲ್ಲಿ ಅರ್ಧ ಊರೇ ಕೂತಿತ್ತು. ಬ್ಯಾಟರಿ ರೇಡಿಯೋ ಇರುವುದು ಅವರ ಮನೆಯಲ್ಲಿ ಮಾತ್ರ. ನಿನ್ನ ಧ್ವನಿ ಬಂದ ಕೂಡಲೇ ಟಾಂಗಾದ ಲಾಡ್ಲೆಸಾಬ, "ಅರೇ, ಅಕ್ಕೋರ ಅಣ್ಣಾವ್ರು ಇಷ್ಟ ಸಣ್ಣ ಪೆಟ್ಟಿಗ್ಯಾಗ ಹೆಂಗ ಹಿಡಿಸ್ಯಾರ?" ಎಂದ. ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ನೀನು ಬಂಗಾಲದ ಬೀದಿಗಳ ಬಗ್ಗೆ ಹೇಳುತ್ತಿದ್ದೆ. ಉರ್ದು ತಿಳಿಯದ ಹೆಂಗಸರಿಗೆ ನಾನು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದೆ. "ಹಸಿವು ಎಂದೂ ತನ್ನ ಹೆಸರು ಹೇಳಿಕೊಂಡು ಕೊಲ್ಲುವುದಿಲ್ಲ. ಜ್ವರ, ಭೇದಿ, ಕೆಮ್ಮು ಎಂದು ಬೇರೆಯವರ ಹೆಸರಿಟ್ಟುಕೊಂಡು ಬರುತ್ತದೆ" ಎಂದೆಯಲ್ಲ, ನಾನು ಚಪ್ಪಾಳೆ ಹೊಡೆದದ್ದು ಆಗ. ಇಡೀ ಜಗತ್ತು ಕಿವಿಗೊಡುವ ವಿಜ್ಞಾನಿ ನನ್ನ ಅಣ್ಣ ಎಂಬ ಸೊಕ್ಕು ನನಗೂ ಇದೆ.

ಆಮೇಲೆ ನೀನು ನಮ್ಮ ಸೀಮೆಗೆ ಬಂದೆ. "ಬಂಗಾಲ ಸಾಯುತ್ತಿರುವಾಗ ನನ್ನ ಸ್ವಂತ ಜಿಲ್ಲೆಯಲ್ಲಿ ಕಾಳು ನೆಲದೊಳಗೆ ಅಡಗಿ ಕೂತಿದೆ. ನಿಂಬರ್ಗಾದಲ್ಲಿ, ಊರ ಹೊರಗಿನ ಕೇರಿಯ ಬೇವಿನ ಮರದ ಬುಡದಲ್ಲಿ, ನಾನೇ ಕಣ್ಣಾರೆ ಕಂಡಿದ್ದೇನೆ" ಎಂದೆ.

ಆ ಹಗೇವು ಯಾರದೆಂದು ನೀನು ಹೇಳಲಿಲ್ಲ. ಅದು ಗೌಡರ ಹಗೇವುಗಳಂತೆ ಚೀಲಗಟ್ಟಲೆ ಜೋಳ ನುಂಗಿ ವರ್ಷಾನುಗಟ್ಟಲೆ ಮಲಗುವ ಹಗೇವಲ್ಲ. ಸಾಬವ್ವ ಮತ್ತು ಅವಳ ಕೇರಿಯ ಹೆಂಗಸರು ತಾವೇ ಅಗೆದ ಗುಂಡಿ. ಸುಗ್ಗಿಯಲ್ಲಿ ಪರರ ಹೊಲ ಕೊಯ್ದು ಕೂಲಿಯೆಂದು ತಂದ ಜೋಳದಲ್ಲಿ ಮನೆಗೊಂದು ಪಾಲು ಅದರೊಳಗೆ ಸುರಿಯುತ್ತಾರೆ. ಆಷಾಢದಲ್ಲಿ ಕೆಲಸ ಸಿಗದ ದಿನಗಳಿಗೆ ತೆಗೆದು ಹಂಚಿಕೊಳ್ಳುತ್ತಾರೆ. ಗೌಡರು ತಮ್ಮ ಹಗೇವನ್ನು ನಿನಗೆ ತೋರಿಸುತ್ತಿರಲಿಲ್ಲ. ಇವರು ತೋರಿಸಿದರು.

ಯುಗಾದಿಯ ಮುಂದಿನ ವಾರ, ಅದಕ್ಕೆ ಕಲ್ಲು ಮುಚ್ಚುವ ದಿನ, ನಿನ್ನನ್ನು ಕರೆದೊಯ್ದೆ. ನೀನು ಸಾಬವ್ವನ ಅಂಗಳದಲ್ಲಿ ಕೂತು ಹಳೆಯ ಹಗೇವಿನ ಜೋಳದ ರೊಟ್ಟಿ ಉಂಡೆ. ಲಿಂಗವಂತರ ಮನೆಯವನು ಆ ಕೇರಿಯಲ್ಲಿ ಉಂಡನೆಂದು ಸರಸಂಬಾದ ಕಾಕಾ ಇವತ್ತಿಗೂ ನನ್ನ ಕೂಡ ಮಾತಾಡುತ್ತಿಲ್ಲ. ಅದರ ಚಿಂತೆ ನನಗಿಲ್ಲ. ಕಡೆಗೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ನೀನೂ ಹಾಕಿದೆ. ಸಾಬವ್ವ ಕೈ ಕೊಡವಿಕೊಂಡು ಹೇಳಿದಳು: "ಮಣ್ಣ ಹಾಕಿದ್ರಿ, ಮುಗೀತು ನೋಡ್ರಿ ಡಾಕ್ಟರಸಾಬ. ಮಣ್ಣ ಹಾಕಿದಾವರು ಹಗೇವು ಎಲ್ಲಿ ಅದ ಅಂತ ಯಾರ ಮುಂದೂ ಹೇಳಂಗಿಲ್ಲ." ನೀನು ನಕ್ಕು, "ನಮ್ಮ ಮನೆಯಾಕಿ ಮುಂದೂ ಹೇಳಂಗಿಲ್ಲೇನು?" ಎಂದೆ. "ಆಕಿ ಮುಂದಂತೂ ಮೊದಲs ಹೇಳಬ್ಯಾಡ್ರಿ" ಎಂದಳು.

ಬಹುಶಃ ನೀನು ಅದನ್ನು ಪೂಜೆಯ ಶಾಸ್ತ್ರವೆಂದುಕೊಂಡೆ. ಅದು ಆಣೆ. ರೇಡಿಯೋದಲ್ಲಿ ಆಡಿದ ಆ ಮಾತನ್ನು ನೀನು ತಿದ್ದಿ ಹೇಳಲು ಬರುವುದೇ?

ನಿನ್ನ ತಂಗಿ,
ಹೀರಾ

*

ಹೈದರಾಬಾದ್
೯ ಮೇ ೧೯೪೪

ಪ್ರೀತಿಯ ಹೀರಾ,

ಶಾಲೆಗೆ ಬೇಸಿಗೆ ರಜೆ ಬಂದರೂ ನಿನ್ನ ಕೆಂಪು ಶಾಯಿ ಒಣಗಲಿಲ್ಲ! ನನ್ನ ಭಾಷಣವನ್ನೂ ಹುಡುಗಿಯರ ಉತ್ತರಪತ್ರಿಕೆಯಂತೆ ತಿದ್ದುತ್ತೀ.

ಅಂಕಿಸಂಖ್ಯೆ ಹೇಳಿದರೆ ಕೇಳುವವರು ಆಕಳಿಸುತ್ತಾರೆ. ಒಂದು ಬೇವಿನ ಮರ ಹೇಳಿದರೆ ಮರೆಯುವುದಿಲ್ಲ. ಇಷ್ಟು ವರ್ಷ ಹಸಿವಿನ ಬಗ್ಗೆ ಮಾತಾಡಿ ನಾನು ಕಲಿತದ್ದು ಇದೊಂದೇ. ನಾನು ದೂರಿದ್ದು ಬಚ್ಚಿಡುವ ಬುದ್ಧಿಯನ್ನು, ಸಾಬವ್ವನನ್ನಲ್ಲ. ಅವಳ ಹೆಸರು ಎತ್ತಿದೆನೇ? ಆ ಸಣ್ಣ ಗುಂಡಿಯ ಬಾಗಿಲಿಗೆ ಯಾರು ಬರುತ್ತಾರೆ, ಹುಚ್ಚಿ?

ಅವಳ ಮೊಮ್ಮಗಳು ಚಂದಿಯ ತೂಕವನ್ನು ನನ್ನ ಪ್ರಬಂಧದಲ್ಲಿ ಸೇರಿಸಿದ್ದೇನೆ. ನಾನು ಆ ಸೀಮೆಯಲ್ಲಿ ತೂಗಿದ ಕೂಸುಗಳಲ್ಲಿ ವಯಸ್ಸಿಗೆ ಸರಿಯಾದ ತೂಕವಿದ್ದದ್ದು ಅದೊಂದೇ. ಹಗೇವಿನ ಜೋಳದ ಮಹಿಮೆ! ತಕ್ಕಡಿಯಲ್ಲಿ ಕೂತು ನನ್ನ ಚಷ್ಮಾ ಕಿತ್ತುಕೊಂಡಳಲ್ಲ, ನೆನೆದರೆ ಈಗಲೂ ನಗು ಬರುತ್ತದೆ. ಅವಳಿಗೆ ನನ್ನ ಮುದ್ದು ಹೇಳು.

ನಿನ್ನ ಅಣ್ಣ,
ಕಲ್ಯಾಣಪ್ಪ

*

ಆಳಂದ
೨೮ ಮೇ ೧೯೪೪

ಅಣ್ಣಾ,

ಬಂದರು.

ಅಪ್ಪ ನಮ್ಮಿಬ್ಬರನ್ನೂ ಸೊಲ್ಲಾಪುರದ ಇಂಗ್ಲಿಷ್ ಶಾಲೆಗೆ ಹಾಕಿದಾಗಿನಿಂದ ನಾವು ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲೇ ಬರೆದುಕೊಂಡೆವು. ಕಳೆದ ಪತ್ರದಿಂದ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀನೂ ಹಾಗೆಯೇ ಉತ್ತರಿಸಿದೆ. ಏಕೆಂದು ಕೇಳಲಿಲ್ಲ. ಸಾಬವ್ವನ ಮುಂದೆ ಓದಿ ಹೇಳಬಹುದಾದ ಪತ್ರಗಳೇ ಇರಲಿ ಎಂದು. ನಿನ್ನ ಕೊನೆಯ ಪತ್ರವನ್ನು ಅವಳಿಗೆ ಓದಿ ಹೇಳಲಾಗಲಿಲ್ಲ.

ಹೊಲದವರಿಂದ ಸರಕಾರಕ್ಕೆ ಕಾಳು ವಸೂಲಿ ಮಾಡುವ ಲೆವಿಯ ಸಾಹೇಬರು ಬಂಡಿ ಹೂಡಿಸಿಕೊಂಡು ನಿಂಬರ್ಗಾಕ್ಕೆ ಬಂದಾಗ ನಾನು ಅಲ್ಲಿಯೇ ಇದ್ದೆ, ನಮ್ಮ ಅವ್ವನ ಹೊಲದ ಲೆಕ್ಕಕ್ಕೆಂದು ಹೋಗಿದ್ದೆ. ಅವರು ಚಾವಡಿಗೆ ಹೋಗಲಿಲ್ಲ, ಗೌಡರ ವಾಡೆಗೆ ಹೋಗಲಿಲ್ಲ. ಬಂಡಿ ಇಳಿದು ಕೇಳಿದ ಮೊದಲ ಮಾತೇ "ಬೇವಿನ ಮರ ಎಲ್ಲದ?"

ಹೆಂಗಸರು ಹೋಗಿ ಹಗೇವಿನ ಮೇಲೆ ಕೂತರು. ಸಾಹೇಬರು ಒರಟರಲ್ಲ. "ಡಾಕ್ಟರಸಾಬ ಖುದ್ದ ರೇಡಿಯೋದಾಗ ಹೇಳ್ಯಾರವ್ವ. ಅಂಥಾ ದೊಡ್ಡ ಮನುಷ್ಯಾ ಸುಳ್ಳ ಹೇಳತಾರೇನು?" ಎಂದರು.

"ಸುಳ್ಳ ಹೇಳಿಲ್ರಿ ಸಾಹೇಬ್ರ, ಅರ್ಧಾ ಹೇಳ್ಯಾರ" ಎಂದಳು ಸಾಬವ್ವ. ಮಾತು ಸಾಹೇಬರಿಗೆ, ಕಣ್ಣು ನನ್ನ ಕಡೆಗೆ.

ಜೊತೆಗೆ ಬಂದಿದ್ದ ಪೊಲೀಸರು ಅವರನ್ನು ಎಬ್ಬಿಸಿ, ಕಲ್ಲು ಸರಿಸಿದ ಕೂಡಲೇ ಒಬ್ಬ ಆಳನ್ನು ಒಳಗೆ ಇಳಿಸಲು ಹೊರಟರು. ಆಗ ಸಾಬವ್ವ ಮುಂದೆ ಬಂದು ಆ ಆಳಿನ ರಟ್ಟೆ ಹಿಡಿದಳು. "ಸಾಯ್ತೀ ಏನಲೇ? ಒಳಗ ಹವಾ ಕೆಟ್ಟಿರ್ತದ. ಮೊದಲ ದೀಪ ಇಳಸು, ಆರಲಿಲ್ಲಂದ್ರ ನೀ ಇಳಿ." ಮನೆಗೆ ಹೋಗಿ ದೀಪ ತಂದುಕೊಟ್ಟವಳೂ ಅವಳೇ. ತನ್ನ ಜೋಳ ಒಯ್ಯಲು ಬಂದವನ ಜೀವ ಕಾಯಲು ತನ್ನ ಮನೆಯ ದೀಪ. ನಾನು ಅದನ್ನು ನೋಡುತ್ತ ನಿಂತಿದ್ದೆ. ನನ್ನಲ್ಲಿ ಅಷ್ಟು ದೊಡ್ಡದೇನೂ ಇಲ್ಲವೆಂದು ಅನಿಸಿತು.

ಚೀಲಗಳು ಬಂಡಿ ಏರಿದ ಮೇಲೆ ನಾನು ಸಾಹೇಬರನ್ನು ಕೇಳಿದೆ, ಹೊಲವೇ ಇಲ್ಲದವರಿಗೆ ಲೆವಿ ಎಲ್ಲಿಯದು ಎಂದು. "ಇದು ಕೂಲಿಯವರ ಸ್ವಂತ ಜೋಳ ಅಂತ ನಮಗ ಹೆಂಗ ಗೊತ್ತಾಗಬೇಕ್ರಿ? ಯಾರದೋ ಸಾಹುಕಾರ ಇವರ ಕೇರ್ಯಾಗ ಇಡಿಸಿರಬಹುದು. ಡಾಕ್ಟರಸಾಬ ಒಂದs ಸಾಲು ಬರದಕೊಡಲಿ. ಮಾಲು ಮಳಿಗಾಲ ಮುಗಿಯೂ ತನಕಾ ಸ್ಟೇಷನ್ ಗೋದಾಮಿನ್ಯಾಗs ಇರ್ತದ. ತಿರುಗಿ ಕೊಡೂದು ನನ್ನ ಜಿಮ್ಮೇದಾರಿ" ಎಂದರು.

ಒಂದು ಸಾಲು, ಅಣ್ಣಾ. "ನಾನು ಕಂಡ ಹಗೇವು ಕೂಲಿ ಹೆಂಗಸರದು." ಇಷ್ಟೇ. ಆಷಾಢದೊಳಗೆ ಜೋಳ ಹಿಂದಿರುಗಬೇಕು.

ಹೀರಾ

*

ಹೈದರಾಬಾದ್
೧೨ ಜೂನ್ ೧೯೪೪

ಹೀರಾ,

ನಿನ್ನ ಪತ್ರ ಓದಿ ಎರಡು ದಿನ ಕೆಲಸಕ್ಕೆ ಕೈ ಹತ್ತಲಿಲ್ಲ. ನಾನು ಕಲ್ಲಲ್ಲ.

ಆದರೆ ನೀನು ಬುದ್ಧಿವಂತೆ, ವಿಚಾರ ಮಾಡು. ಇವತ್ತು ನಾನು ಆ ಸಾಲು ಬರೆದರೆ ನಾಳೆ ಜಿಲ್ಲೆಯ ಪ್ರತಿಯೊಬ್ಬ ಗೌಡನೂ ತನ್ನ ಹಗೇವು ಬಡವರದೆಂದು ಸಾಬೀತು ಮಾಡುತ್ತಾನೆ. ಅವರ ಪರ ನಿಲ್ಲಲು ವಕೀಲರಿದ್ದಾರೆ. ಡಾಕ್ಟರ್ ಕಲ್ಯಾಣಪ್ಪನೇ ಹಿಂದೆ ಸರಿದ ಎಂದು ಮರುದಿನವೇ ಪತ್ರಿಕೆಯಲ್ಲಿ ಬರುತ್ತದೆ. ಕಾಳು ಎಲ್ಲಿದ್ದರೂ ಹಸಿದವನ ಹಕ್ಕು ಎಂದು ನಾನು ಜಗತ್ತಿನ ಮುಂದೆ ಹೇಳಹೊರಟವನು. ನನ್ನ ತಂಗಿಗೆ ಪರಿಚಯವಿದ್ದ ಕೇರಿಗೆ ಮಾತ್ರ ಅದು ಲಾಗೂ ಅಲ್ಲ ಎಂದರೆ ನನ್ನ ಮಾತು ಯಾರು ಕೇಳುತ್ತಾರೆ?

ಆ ಜೋಳ ಬಂಗಾಲದ ಯಾವುದೋ ಕೂಸಿನ ಬಾಯಿಗೆ ಹೋಗುತ್ತದೆ ಎಂದು ಸಾಬವ್ವನಿಗೆ ಹೇಳು. ಅವಳು ದೊಡ್ಡ ಮನಸ್ಸಿನವಳು, ಅರ್ಥ ಮಾಡಿಕೊಳ್ಳುತ್ತಾಳೆ. ಕೇರಿಯ ಮಕ್ಕಳಿಗೆಂದು ಮೀನೆಣ್ಣೆಯ ಬಾಟಲಿಗಳನ್ನು ಪಾರ್ಸಲ್ ಮಾಡಿಸಿದ್ದೇನೆ. ಕಣ್ಣಿಗೂ ಮೈಗೂ ಒಳ್ಳೆಯದು, ದಿನಕ್ಕೆ ಒಂದು ಚಮಚ.

ಕಲ್ಯಾಣಪ್ಪ

*

ಆಳಂದ
೯ ಜುಲೈ ೧೯೪೪

ಅಣ್ಣಾ,

ನಿನ್ನ ವಾದದಲ್ಲಿ ತಪ್ಪು ಹುಡುಕಲು ನೋಡಿದೆ. ಸಿಗಲಿಲ್ಲ. ನನಗೆ ಕೋಪ ಬರುವುದೂ ಅದಕ್ಕೇ ಇರಬೇಕು. ಸರಿಯಾದ ವಾದ ಕೈಯಲ್ಲಿದ್ದಾಗಲೇ ಮನುಷ್ಯನಿಗೆ ಎದುರಿಗಿದ್ದವರ ಮುಖ ಕಾಣಿಸದೆ ಹೋಗುತ್ತದೆಯೋ ಏನೋ. ನನಗೂ ಎಷ್ಟೋ ಸಲ ಶಾಲೆಯಲ್ಲಿ ಹಾಗಾಗಿದೆ.

ನೀನು ಹೇಳಿದಂತೆ ಸಾಬವ್ವನಿಗೆ ಬಂಗಾಲದ ಕೂಸಿನ ಮಾತು ಹೇಳಿದೆ. ಅವಳು ಅಂದಳು: "ಬಂಗಾಲದ ಕೂಸಿಗಿ ಬೇಕಾಗ್ಯಾದ ಸಾಬವ್ವಾ ಅಂತ ಬಂದ ಕೇಳಿದ್ರ ನಾನs ಸೇರು ತಗೊಂಡ ಅಳದ ಕೊಡತಿದ್ದೆ ಅಕ್ಕೋರ. ನಮಗೇನು ಹಸಿವ್ಯಾ ಗೊತ್ತಿಲ್ಲೇನು? ಅವರು ನಮ್ಮನ್ನ ಕೇಳಲೇ ಇಲ್ಲ. ನಮ್ಮ ಬಗ್ಗಿ ಹೇಳ್ಯಾರ."

ಮೀನೆಣ್ಣೆ ತಲುಪಿತು. ಮಕ್ಕಳು ವಾಸನೆಗೇ ಓಡಿದವು. ಹಿಡಿದು ಕುಡಿಸಿದರೆ ಖಾಲಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ. "ಇದರ ಕೂಡ ನಂಜಿಕೊಳ್ಳಾಕ ರೊಟ್ಟಿನೂ ಕಳಸ್ರಿ ಅಂತ ಬರೀರಿ" ಎಂದಳು. ಕೇರಿಯ ಹೆಂಗಸರು ನಕ್ಕರು. ನನಗೂ ನಗು ಬಂತು, ಆಮೇಲೆ ನಾಚಿಕೆ.

ಈಗ ಅಲ್ಲಿ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಕುಟ್ಟಿ ಅಂಬಲಿ ಕಾಯಿಸುತ್ತಿದ್ದಾರೆ. ಚಂದಿಯ ತಾಯಿ ಉಳಿದವರ ಜೊತೆ ಅಫಜಲಪುರದ ಕಡೆಗೆ ರಸ್ತೆಯ ಕಲ್ಲು ಒಡೆಯಲು ಹೋಗಿದ್ದಾಳೆ. ಮೊಲೆ ಬಿಡಿಸಿದ ಕೂಸನ್ನು ಸಾಬವ್ವನ ಹತ್ತಿರ ಬಿಟ್ಟಿದ್ದಾಳೆ.

ಇನ್ನೊಂದು ಮಾತು. ಗೌಡರ ಹಗೇವುಗಳ ಚಿಂತೆ ನಿನಗಿದ್ದರೆ ಸರಸಂಬಾ ದೂರವಿಲ್ಲ. ಕಾಕಾನ ಹಿತ್ತಲಿನಲ್ಲಿ ಸಾಲಾಗಿ ಹಗೇವುಗಳಿವೆ. ಅವುಗಳ ಕಲ್ಲಿನ ಮೇಲೆ ಕೂತು ನಾವಿಬ್ಬರೂ ಗಜ್ಜುಗ ಆಡಿದ್ದೇವೆ. ನಿನ್ನ ಭಾಷಣಕ್ಕೆ ಬೇವಿನ ಮರವೇ ಏಕೆ ಬೇಕಾಯಿತು? ಅವನ್ನು ನೀನು ಹೇಳಲಿಲ್ಲ, ಏಕೆಂದರೆ ಅವು ನಮ್ಮವು. ಕಾಕಾ ನಿನ್ನ ಕೈಯಿಂದ ಮಣ್ಣು ಹಾಕಿಸಿ ಆಣೆ ತೆಗೆದುಕೊಂಡಿರಲಿಲ್ಲ. ಆದರೂ ಆ ಗುಟ್ಟನ್ನು ನೀನು ಕಾಯ್ದೆ. ಆಣೆ ಮಾಡಿಸಿದವರ ಗುಟ್ಟನ್ನು ಕಾಯಲಿಲ್ಲ.

ನಾನು ಮಾತ್ರ ಏನು ಮಹಾ? ಕಳೆದ ವಾರ ಲೆವಿ ಸಾಹೇಬರ ಮುಂದೆ ಮತ್ತೊಮ್ಮೆ ಕೂತಿದ್ದೆ. ಕಾಕಾನ ಹಿತ್ತಲಿನ ಮಾತು ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಚಾಡಿ ಹೇಳಬಾರದೆಂಬ ಧರ್ಮ ನನ್ನನ್ನು ತಡೆಯಿತೋ, ಮನೆತನ ತಡೆಯಿತೋ, ನನಗೇ ಗೊತ್ತಾಗುತ್ತಿಲ್ಲ. ಶಾಲೆಯಲ್ಲಿ ಪಗಾರದ ಜೊತೆ ನನಗೆ ಬರುವ ಜೋಳದಲ್ಲಿ ಪಾಲು ಒಯ್ದು ಕೊಡುತ್ತಿದ್ದೇನೆ. ಒಂದು ಕೇರಿಗೆ ಅದು ಎಲ್ಲಿ ಸಾಕಾಗುತ್ತದೆ?

ಆ ಒಂದು ಸಾಲು ಬರೆ. ಸಾಹೇಬರು ಇನ್ನೂ ಕಾಯುತ್ತಿದ್ದಾರೆ.

ಹೀರಾ

*

ಮುಂಬಯಿ
೨ ಆಗಸ್ಟ್ ೧೯೪೪

ಹೀರಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ವಿಲಾಯತಿಯಲ್ಲಿ ನಡೆಯುವ ಆಹಾರ ಪರಿಷತ್ತಿಗೆ ನನ್ನನ್ನು ಕರೆದಿದ್ದಾರೆ. ಯುದ್ಧಕಾಲ, ಹಡಗು ಹೊರಡುವ ದಿನ ಬರೆಯುವಂತಿಲ್ಲ. ಎಷ್ಟೋ ದೇಶಗಳವರ ಮುಂದೆ ನಮ್ಮ ಹಸಿವಿನ ಮಾತು ಆಡಲು ಒಬ್ಬನಿಗೆ ಸಿಕ್ಕ ಅವಕಾಶ ಇದು. ಈ ಹೊತ್ತಿನಲ್ಲಿ ಬೇರೆ ಏನನ್ನೂ ಎತ್ತಿಕೊಳ್ಳಲು ನನ್ನಿಂದಾಗದು. ತಿರುಗಿ ಬಂದ ಮೇಲೆ ನಿಂಬರ್ಗಾಕ್ಕೆ ನಾನೇ ಬರುತ್ತೇನೆ.

ನನ್ನ ಮೇಲೆ ಸಿಟ್ಟಾಗಬೇಡ.

ಕಲ್ಯಾಣಪ್ಪ

*

ಅಫಜಲಪುರ
೨೦ ಅಕ್ಟೋಬರ್ ೧೯೪೪

ಅಣ್ಣಾ,

ಈ ಪತ್ರ ಸಮುದ್ರದ ಆಚೆ ನಿನ್ನನ್ನು ಯಾವಾಗ ಮುಟ್ಟುತ್ತದೋ ತಿಳಿಯದು.

ಇಲ್ಲಿಯ ಶಾಲೆಯ ಪರೀಕ್ಷೆಗೆಂದು ಬಂದಿದ್ದೇನೆ. ಬರುವ ದಾರಿಯಲ್ಲಿ ರೈಲು ಇಳಿದಾಗ ಒಂದು ಹುಳಿ ವಾಸನೆ ಮೂಗಿಗೆ ಬಡಿಯಿತು. ಲಾಡ್ಲೆಸಾಬನ ಭಾವ ರಾಜೇಸಾಬ ಆ ಸ್ಟೇಷನ್ನಿನಲ್ಲಿ ಹಮಾಲ. "ಏನಿದು?" ಎಂದೆ. "ಗೋದಾಮ್ರಿ. ಲೆವಿ ಜೋಳ. ಬರ್ರಿ ತೋರಸ್ತೇನಿ, ನೋಡಂಥಾದ್ದs ಅದ" ಎಂದು ಕರೆದುಕೊಂಡು ಹೋದ.

ಗೋದಾಮು ತುಂಬಿ, ಉಳಿದ ಚೀಲಗಳನ್ನು ಹೊರಗೆ ಒಟ್ಟಿದ್ದಾರೆ. ಮೇಲಿನ ತಾಡಪತ್ರಿ ಗಾಳಿಗೆ ಎಂದೋ ಹಾರಿಹೋಗಿದೆ. ಈ ವರ್ಷದ ಮಳೆಯೆಲ್ಲ ಅದರ ಮೇಲೆ ಬಿದ್ದಿದೆ. ಚೀಲದ ನೂಲಿನ ಸಂದಿಯಿಂದ ಮೊಳಕೆ ಹೊರಬಂದು ಬಿಳಿಚಿಕೊಂಡು ನಿಂತಿದೆ. ಕೈಯಿಟ್ಟರೆ ಒಳಗೆ ಬಿಸಿ, ಜ್ವರ ಬಂದ ಮೈಯಂತೆ. "ಬಂಗಾಲಕ್ಕ ಹೋಗಬೇಕಿತ್ತಂತ್ರಿ" ಎಂದ ರಾಜೇಸಾಬ. "ವ್ಯಾಗನ್ ಸಿಗಲಿಲ್ಲಂತ. ಎಲ್ಲಾ ಲಡಾಯಿಗಿ ಹೋಗ್ಯಾವ. ಈಗ ದನಾ ಸೈತ ಮೂಸಂಗಿಲ್ಲ."

ಯಾವ ಚೀಲ ನಿಂಬರ್ಗಾದ್ದೆಂದು ನನಗೆ ಗೊತ್ತಿಲ್ಲ. ಗೊತ್ತಾಗಿಯೂ ಉಪಯೋಗವಿಲ್ಲ. ನೀನು ನನಗೆ ಒಮ್ಮೆ ವಿವರಿಸಿದ್ದೆ, ಹಗೇವಿನಲ್ಲಿ ಕಾಳು ಯಾಕೆ ಕೆಡುವುದಿಲ್ಲವೆಂದು: ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಮುಗಿಸುತ್ತದೆ, ಆಮೇಲೆ ಹುಳಕ್ಕೆ ಉಸಿರಿಲ್ಲ. ಅಷ್ಟು ಚೆನ್ನಾಗಿ ಬಲ್ಲವನು ನೀನು. ವರ್ಷಗಟ್ಟಲೆ ನೆಲದೊಳಗೆ ಉಳಿಯುತ್ತಿದ್ದ ಜೋಳ, ಒಂದು ಮಳೆಗಾಲ ನೆಲದ ಮೇಲೆ ಉಳಿಯಲಿಲ್ಲ. ಸಾಬವ್ವನ ಬಾಯಿಗೂ ಇಲ್ಲ, ಬಂಗಾಲದ ಕೂಸಿಗೂ ಇಲ್ಲ.

ನಿನ್ನ ವಾದದಲ್ಲಿ ತಪ್ಪು ಸಿಗಲಿಲ್ಲ ಎಂದು ಬರೆದಿದ್ದೆ. ತಪ್ಪು ಇಲ್ಲಿ ಮೊಳೆತು ನಿಂತಿದೆ.

ಚಂದಿಯ ಬಗ್ಗೆ ನೀನು ಕೇಳಲಿಲ್ಲ. ಕೇಳದೆ ನಾನು ಬರೆಯುವುದಿಲ್ಲ.

ಹೀರಾಬಾಯಿ

*

ಹೈದರಾಬಾದ್
೧೧ ಏಪ್ರಿಲ್ ೧೯೪೫

ಪ್ರೀತಿಯ ಹೀರಾ,

ಬಂದಿಳಿದು ಹದಿನೈದು ದಿನವಾಯಿತು. ನಿನ್ನ ಅಫಜಲಪುರದ ಪತ್ರ ನನಗೆ ಅಲ್ಲಿಯೇ ಸಿಕ್ಕಿತು. ಅದರ ಬಗ್ಗೆ ಎದುರಿಗೆ ಕೂತು ಮಾತಾಡೋಣ, ಪತ್ರದಲ್ಲಿ ಆಗುವ ಮಾತಲ್ಲ ಅದು. ಗೋದಾಮು ಕಟ್ಟಿಸುವುದು, ವ್ಯಾಗನ್ ತರಿಸುವುದು ನನ್ನ ಕೈಯಲ್ಲಿರಲಿಲ್ಲ, ಇಷ್ಟನ್ನು ಮಾತ್ರ ಈಗ ಹೇಳುತ್ತೇನೆ.

ಪರಿಷತ್ತಿನಲ್ಲಿ ನನ್ನ ಭಾಷಣ ಮುಗಿದಾಗ ಸಭೆಯೇ ಎದ್ದು ನಿಂತಿತು. ನಿಂಬರ್ಗಾದ ರೊಟ್ಟಿಯ ಬಗ್ಗೆ, ತಕ್ಕಡಿಯಲ್ಲಿ ಕೂತ ಕೂಸಿನ ಬಗ್ಗೆ ಹೇಳಿದೆ. ಎಷ್ಟೋ ಜನ ಕಣ್ಣೊರೆಸಿಕೊಂಡರು.

ಜೂನ್ ಕೊನೆಗೆ ಗುಲ್ಬರ್ಗಾದಲ್ಲಿ ನನಗೆ ಸತ್ಕಾರ ಇಟ್ಟುಕೊಂಡಿದ್ದಾರೆ. ನನ್ನದೊಂದೇ ಆಸೆ. ನೀನು ಸಾಬವ್ವನನ್ನು ಕರೆದುಕೊಂಡು ಬಾ. ಸಭೆಯ ಮುಂದೆ ಅವಳ ಕೈಯಿಂದ ರೊಟ್ಟಿ ಇಸಕೊಂಡು ತಿನ್ನುತ್ತೇನೆ. ಅವಳಿಗಿಂತ ದೊಡ್ಡ ಗೌರವ ಆ ದಿನ ಯಾರಿಗೂ ಇರುವುದಿಲ್ಲ. ಚಂದಿಯನ್ನೂ ತರಲಿ, ಈಗ ಓಡಾಡುತ್ತಿರಬೇಕು. ಅವಳಿಗೆಂದು ವಿಲಾಯತಿಯಿಂದ ಒಂದು ಕೆಂಪು ಟೊಪ್ಪಿಗೆ ತಂದಿದ್ದೇನೆ.

ನಿನ್ನ ಅಣ್ಣ,
ಕಲ್ಯಾಣಪ್ಪ

*

ಜೇವರ್ಗಿ
೧೮ ಮೇ ೧೯೪೫

ಅಣ್ಣಾ,

ನನ್ನನ್ನು ಜೇವರ್ಗಿಯ ಶಾಲೆಗೆ ವರ್ಗ ಮಾಡಿದ್ದಾರೆ. ಲೆವಿಯ ಬಗ್ಗೆ ಬರೆದ ಅರ್ಜಿಗಳು ಹೆಚ್ಚಾದವೆಂದು ಒಬ್ಬರು ಹೇಳಿದರು, ಇಲ್ಲಿಯ ಹುಡುಗಿಯರಿಗೆ ಕಲಿಸಲು ಅಕ್ಕೋರು ಬೇಕಾಗಿದ್ದರೆಂದು ಇನ್ನೊಬ್ಬರು ಹೇಳಿದರು. ಎರಡೂ ನಿಜವಿರಬಹುದು.

ಆಳಂದ ಬಿಡುವ ಮೊದಲು ನಿಂಬರ್ಗಾಕ್ಕೆ ಹೋಗಿ ನಿನ್ನ ಆಮಂತ್ರಣ ತಲುಪಿಸಿದೆ. ತಲುಪಿಸದೆ ಇರಬಹುದಿತ್ತು. ಆದರೆ ಅವಳ ಪರವಾಗಿ ಮಾತಾಡುವವರು ಇಷ್ಟೆಲ್ಲ ಮಂದಿಯಾದ ಮೇಲೆ, ಈ ಒಂದು ಉತ್ತರವನ್ನಾದರೂ ಅವಳೇ ಹೇಳಲಿ ಎನಿಸಿತು.

ಸಾಬವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಪೂರ್ತಿ ಕೇಳಿದಳು. ಬೇವಿನ ಮರದ ಕಡೆ ನೋಡಿ, "ಗುಲ್ಬರ್ಗಾದ ಮಂದಿಗಿ ನಾ ರೊಟ್ಟಿ ಕೊಡೂದು ಕಾಣಬೇಕೇನು? ಜೋಳ ಒಯ್ಯೂದು ಕಂಡಿದ್ರ ಆಗತಿತ್ತು" ಎಂದಳು. ಮೊರ ಕೆಳಗಿಟ್ಟು, "ಟೊಪ್ಪಿಗಿ ಕೆಂಪದ ಅಂತೀರಿ?" ಎಂದು ಕೇಳಿದಳು. ಹೌದೆಂದೆ. "ಆಕಿಗಿ ಕೆಂಪ ಬಾಳ ಸೇರತಿತ್ತು."

ಈಗ ಬರೆಯುತ್ತೇನೆ, ನೀನು ಕೇಳಿದೆಯಲ್ಲ. ಚಂದಿ ಹೋದ ವರ್ಷ ಭಾದ್ರಪದದಲ್ಲಿ ತೀರಿಕೊಂಡಳು. ತಾಯಿ ಅಫಜಲಪುರದಿಂದ ಬರುವಷ್ಟರಲ್ಲಿ ಮಣ್ಣಾಗಿತ್ತು. ದವಾಖಾನೆಯ ಡಾಕ್ಟರು ಭೇದಿ ಎಂದರು. ಅವರು ಹೇಳಿದ್ದು ಸರಿಯೇ. ಹಸಿವು ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲವೆಂದು ನೀನೇ ಹೇಳಿದ್ದೆ, ಅದಕ್ಕೆ ನಾನು ಚಪ್ಪಾಳೆ ಹೊಡೆದಿದ್ದೆ. ಎಲ್ಲಿಯೋ ದೊಡ್ಡ ಸಭೆಯಲ್ಲಿ ನೀನು ಅವಳ ತೂಕ ಹೇಳಿದ್ದಕ್ಕೆ ಜನ ಕಣ್ಣೊರೆಸಿಕೊಂಡಾಗ ಅವಳಿಗೆ ತೂಕವೇ ಇರಲಿಲ್ಲ.

ನಿನ್ನನ್ನು ಕೊಲೆಗಾರನೆನ್ನುತ್ತಿಲ್ಲ. ನಿನ್ನ ಕೆಲಸ ಸುಳ್ಳೆಂದೂ ಅನ್ನುವುದಿಲ್ಲ. ನಿನ್ನ ಮಾತಿನಿಂದ ಎಲ್ಲಿಯೋ ಯಾವುದೋ ಮಗುವಿಗೆ ಊಟ ಸಿಕ್ಕಿರಬಹುದು, ಸಿಗಲಿ ಎಂದೇ ಬೇಡುತ್ತೇನೆ. ಆದರೆ ಜಗತ್ತಿನ ಹಸಿವು ನಿನಗೆ ಎಷ್ಟು ದೊಡ್ಡದಾಗಿ ಕಂಡಿತೆಂದರೆ, ನಿನಗೆ ರೊಟ್ಟಿ ಬಡಿದು ಹಾಕಿದವಳ ಹಸಿವು ಅದರೊಳಗೆ ಎಣಿಕೆಗೇ ಬರಲಿಲ್ಲ. ನಾನು ತಿಂಗಳುಗಟ್ಟಲೆ ಒಂದು ಸಾಲು ಬೇಡಿದೆ. ನೀನು ನನಗೆ ಪುಟಗಟ್ಟಲೆ ಬರೆದೆ.

ಇನ್ನೊಂದು ಸುದ್ದಿ ಇದೆ. ಕೇರಿಯ ಹೆಂಗಸರು ಈ ಸುಗ್ಗಿಯಲ್ಲಿ ಬೇರೆ ಹಗೇವು ಅಗೆದಿದ್ದಾರೆ. ಯಾವ ಮರದ ಬುಡದಲ್ಲೋ, ಯಾವ ಊರ ಸೀಮೆಯಲ್ಲೋ ನನಗೆ ಗೊತ್ತಿಲ್ಲ. ಅದನ್ನು ಮುಚ್ಚುವ ದಿನ ಸಾಬವ್ವ ನನ್ನನ್ನು ಕರೆಯಲು ಆಳಂದದ ಮನೆಗೆ ಬಂದಿದ್ದಳು. "ಏಳ್ರಿ ಅಕ್ಕೋರ, ನಿಮ್ಮದೂ ಒಂದ ಹಿಡಿ ಬೀಳಲಿ."

"ಬೇಡ ಸಾಬವ್ವಾ. ಎಲ್ಲಿ ಅಂತ ನನಗೆ ತೋರಿಸಬೇಡ" ಎಂದೆ.

"ನಿಮ್ಮ ಮ್ಯಾಲ ನಮಗ ನಂಬಿಗಿ ಅದ ಬರ್ರಿ."

"ನನಗೆ ಇಲ್ಲ. ನಾನು ಅವನ ತಂಗಿ. ಅವನು ಬಂದು ಎದುರಿಗೆ ಕೂತು ಚೆಂದಾಗಿ ವಾದ ಮಾಡಿದರೆ ನನ್ನ ಬಾಯಿ ಬಿಡಿಸುತ್ತಾನೆ."

ಬಯ್ಯುತ್ತಾಳೆಂದುಕೊಂಡೆ. ಅವಳು ಬಗ್ಗಿ ಅಂಗಳದ ಮಣ್ಣನ್ನೇ ಒಂದು ಹಿಡಿ ತೆಗೆದು ನನ್ನ ಬೊಗಸೆಯಲ್ಲಿ ಹಾಕಿ, "ಹಂಗಾರ ಇಲ್ಲೇ ಮುಟ್ಟಿ ಕೊಡ್ರಿ, ನಾ ಒಯ್ದು ಹಾಕ್ತೇನಿ" ಎಂದು ಉಡಿ ಒಡ್ಡಿದಳು. ನಾನು ಅದನ್ನು ಅವಳ ಉಡಿಗೆ ಹಾಕಿದೆ. ಅವಳು ಗಂಟು ಕಟ್ಟಿಕೊಂಡು ಹೋದಳು. ಯಾವ ದಾರಿ ಹಿಡಿದಳೆಂದು ನೋಡಬಾರದೆಂದು ಗೋಡೆಯ ಕಡೆ ತಿರುಗಿ ನಿಂತೆ.

ಸತ್ಕಾರಕ್ಕೆ ನಾನು ಬರುವುದಿಲ್ಲ. ಟೊಪ್ಪಿಗೆ ಕಳಿಸಬೇಡ.

ಈ ಪತ್ರವನ್ನು ನಾನು ಇವತ್ತು ಹಾಕುವುದಿಲ್ಲ. ಹೊಸದಾಗಿ ಅಗೆದ ನೆಲ ಬಣ್ಣದಿಂದಲೇ ತನ್ನ ಗುಟ್ಟು ಹೇಳುತ್ತದೆ. ನೀನು ನೆಲ ಓದಬಲ್ಲವನು, ನಿನ್ನ ಹಿಂದೆ ಬರುವವರೂ ಇದ್ದಾರೆ. ಮಿರಗದ ಮಳೆ ಬಿದ್ದು, ಆ ಮಣ್ಣು ಸುತ್ತಲಿನ ಮಣ್ಣಿನಲ್ಲಿ ಬೆರೆತು, ಮೇಲೆ ಗರಿಕೆ ಮೂಡುವತನಕ ಇದು ನನ್ನ ಪೆಟ್ಟಿಗೆಯಲ್ಲಿ ಇರುತ್ತದೆ.

೧೩ ಜೂನ್

ನಾಲ್ಕು ದಿನದಿಂದ ಮಳೆ ಹಿಡಿದು ಹೊಡೆಯಿತು. ಇವತ್ತು ಬಿಸಿಲು. ಶಾಲೆಯ ಅಂಗಳವೆಲ್ಲ ಒಂದೇ ಬಣ್ಣವಾಗಿದೆ, ಹುಡುಗಿಯರು ಕುಂಟಾಟಕ್ಕೆ ಹೋದ ವಾರ ಗೀಚಿದ ಗೆರೆ ಎಲ್ಲಿತ್ತೆಂದು ಅವರಿಗೇ ತಿಳಿಯುತ್ತಿಲ್ಲ. ನಿಂಬರ್ಗಾದ ಕಡೆಯಿಂದ ಬಂದ ಲಾಡ್ಲೆಸಾಬ, "ಆ ಕಡಿನೂ ಛಲೋ ಆಗ್ಯಾದ್ರಿ ಅಕ್ಕೋರ, ಎಲ್ಲಾ ಕಡಿ ಹಸರಾಗ್ಯಾದ" ಎಂದ.

ಇದನ್ನು ಟಪಾಲಿಗೆ ಹಾಕುವುದು ನಾಳೆ, ಗುರುವಾರ, ೧೪ ಜೂನ್ ೧೯೪೫.

ಹೀರಾಬಾಯಿ